ಬಿಡಿಯಾಗಿ ಕೂಡಿದರೆ 12.099, ಒಟ್ಟಾಗಿ ತೂಗಿದರೆ 12: ಉಳಿದದ್ದು ಎಲ್ಲಿಗೆ ಹೋಯಿತು?

ಸಾಲಗಾಮೆ ರಸ್ತೆ, ಹಾಸನ
ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ತರಗತಿ. ಪರಮಾಣುವಿನ ರಚನೆಯ ಪಾಠ ನಡೆಯುತ್ತಿದೆ. ಕಾರ್ಬನ್‌ನಲ್ಲಿ ಆರು ಪ್ರೋಟಾನ್, ಆರು ನ್ಯೂಟ್ರಾನ್, ಆರು ಎಲೆಕ್ಟ್ರಾನ್, ರಾಶಿ ಸಂಖ್ಯೆ 12. ಇಷ್ಟನ್ನು ಬಾಯಿಪಾಠ ಮಾಡಿ ಮುಂದೆ ಹೋಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅವಳು ಅಟ್ಟದ ಮೇಲಿದ್ದ ನನ್ನ ಹಳೆಯ ಪಿಯುಸಿ ಪುಸ್ತಕ ಇಳಿಸಿ, ಅದರ ಹಿಂಬದಿಯ ಕೋಷ್ಟಕದಿಂದ ಒಂದೊಂದು ಕಣದ ರಾಶಿಯನ್ನೂ ಹೆಕ್ಕಿ ಕೂಡಿದ್ದಾಳೆ. ನೋಟ್‌ಪುಸ್ತಕದಲ್ಲಿ ಇರುವುದನ್ನು ಹಾಗೆಯೇ ಬರೆಯುತ್ತೇನೆ.

ಪ್ರೋಟಾನ್ 6 × 1.007276 = 6.043656
ನ್ಯೂಟ್ರಾನ್ 6 × 1.008665 = 6.051990
ಎಲೆಕ್ಟ್ರಾನ್ 6 × 0.000549 = 0.003294
ಒಟ್ಟು 12.098940

ಆದರೆ ಅದೇ ಕೋಷ್ಟಕದಲ್ಲಿ ಕಾರ್ಬನ್-12ರ ರಾಶಿ 12.000000 ಎಂದಿದೆ. ಶಾಲೆಯಲ್ಲಿ ಕೇಳಿದ್ದಕ್ಕೆ "ಅದೆಲ್ಲ ಅಂದಾಜು, ದಶಾಂಶ ಬಿಡು, ಪರೀಕ್ಷೆಗೆ ಬರುವುದಿಲ್ಲ" ಎಂಬ ಉತ್ತರ ಸಿಕ್ಕಿತಂತೆ. ಮುಖ ಸಣ್ಣದು ಮಾಡಿಕೊಂಡು ಬಂದಳು. ನಾನು ದಿನವೂ ಡೈರಿಗೆ ಹಾಲು ಹಾಕುವವಳು. ನೂರು ಲೀಟರ್ ಅಳೆದು ಕೊಟ್ಟು, ಚೀಟಿಯಲ್ಲಿ ತೊಂಬತ್ತೊಂಬತ್ತು ಲೀಟರ್ ಚಿಲ್ಲರೆ ಎಂದು ಬಂದರೆ ಸುಮ್ಮನೆ ಎದ್ದು ಬರುವುದಿಲ್ಲ. ಇಲ್ಲಿ ಮಗಳು ಕೂಡಿದ್ದು ತಪ್ಪೋ, ಪುಸ್ತಕ ತಪ್ಪೋ, ಅಥವಾ ನಿಜವಾಗಿಯೂ ಏನಾದರೂ ಕಡಿಮೆಯಾಗಿದೆಯೋ? ತಿಳಿದವರು ಹೇಳಿ.

ಅರಸೀಕೆರೆ ಜಂಕ್ಷನ್
ಕೂಡಿದ್ದು ಸರಿ ಇದೆ. ಆದರೆ 12.09 ಎಂದರೆ 12 ಎಂದೇ ಲೆಕ್ಕ. ಒಂಬತ್ತನೇ ತರಗತಿಗೆ ಅಷ್ಟು ಸಾಕು.

ಹಳೇಬೀಡಿನ ಮೇಷ್ಟರು
ಸಾಕು ಎನ್ನುವ ಮಾತನ್ನು ಒಪ್ಪುವುದಿಲ್ಲ. ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಆರು ದಶಾಂಶ ಸ್ಥಾನದವರೆಗೆ ತೂಗಬಲ್ಲ ತಕ್ಕಡಿ ಕೈಯಲ್ಲಿರುವಾಗ ಎರಡನೆಯ ಸ್ಥಾನದಲ್ಲೇ ಕಾಣಿಸುವ ವ್ಯತ್ಯಾಸಕ್ಕೆ ಅಂದಾಜು ಎಂಬ ಹೆಸರು ಕೊಡಬಾರದು. ಚಿನ್ನ ತೂಗುವ ತಕ್ಕಡಿಯಲ್ಲಿ ಒಂದು ಗುಲಗಂಜಿ ಕಡಿಮೆ ಬಂದರೆ ಅಕ್ಕಸಾಲಿಗ ಅಂದಾಜು ಎನ್ನುತ್ತಾನೆಯೇ?

ತಾಯಿ, ನಿಮ್ಮ ಮಗಳು ಕೂಡಿದ್ದು ಸರಿ. ಪುಸ್ತಕವೂ ಸರಿ. ನಿಜವಾಗಿಯೂ 0.0989 ಏಕಮಾನ (ಪರಮಾಣುಗಳ ರಾಶಿ ಅಳೆಯುವ ಮಾನ) ಕಡಿಮೆಯಾಗಿದೆ. ಇದಕ್ಕೆ ರಾಶಿ ಕೊರತೆ ಎನ್ನುತ್ತಾರೆ. ಆರು ಪ್ರೋಟಾನ್, ಆರು ನ್ಯೂಟ್ರಾನ್ ಬಂದು ಒಂದು ಬೀಜಕೇಂದ್ರವಾಗಿ ಕಟ್ಟಿಕೊಳ್ಳುವಾಗ ಅಷ್ಟು ರಾಶಿ ಶಕ್ತಿಯಾಗಿ ಹೊರಗೆ ಹೋಗಿದೆ.

ಕಡೂರು ಬಯಲು
ಮೇಷ್ಟರೇ, ಕ್ಷಮಿಸಿ, ಆವರ್ತ ಕೋಷ್ಟಕದಲ್ಲಿ ಕಾರ್ಬನ್ 12 ಅಲ್ಲ, 12.011. ಆದ್ದರಿಂದ ಈ ಕಥೆಯೇ ಬೇರೆ. ಎಲೆಕ್ಟ್ರಾನ್ ರಾಶಿಯನ್ನು ಯಾರೂ ಸರಿಯಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದರಿಂದ ಬಂದ ಗೊಂದಲ ಇದು.

ರತ್ನಗಿರಿ ಬೋರೆ
ಕಡೂರಿನವರು ಎರಡು ಬೇರೆ ವಿಷಯಗಳನ್ನು ಒಂದೇ ಗೋಣಿಗೆ ತುಂಬುತ್ತಿದ್ದೀರಿ.

12.011 ಎಂಬುದು ಸರಾಸರಿ. ಪ್ರಕೃತಿಯಲ್ಲಿ ಸಿಗುವ ಕಾರ್ಬನ್‌ನಲ್ಲಿ ನೂರಕ್ಕೆ ಸುಮಾರು ಒಂದು ಭಾಗ ಕಾರ್ಬನ್-13 ಇರುತ್ತದೆ, ಅದಕ್ಕೆ ಒಂದು ನ್ಯೂಟ್ರಾನ್ ಹೆಚ್ಚು. ಆ ಬೆರಕೆಯ ಸರಾಸರಿ 12.011. ಕ್ಲೋರಿನ್‌ನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. 35ರ ಪರಮಾಣುಗಳು ಮೂರು ಪಾಲು, 37ರವು ಒಂದು ಪಾಲು, ಸರಾಸರಿ 35.45. ಯಾವ ಕ್ಲೋರಿನ್ ಪರಮಾಣುವೂ 35.45 ತೂಗುವುದಿಲ್ಲ. ಆದರೆ ಹುಡುಗಿ ಕೂಡಿದ್ದು ಶುದ್ಧ ಕಾರ್ಬನ್-12ರ ಲೆಕ್ಕ. ಅಲ್ಲಿ ಬೆರಕೆಯ ಮಾತೇ ಬರುವುದಿಲ್ಲ.

ಇನ್ನು ಎಲೆಕ್ಟ್ರಾನ್. ಅದರ ರಾಶಿ ಪ್ರೋಟಾನಿನ 1836ನೆಯ ಒಂದು ಭಾಗ. ಆರನ್ನೂ ಕೂಡಿದರೆ 0.0033. ಅದನ್ನು ಬಿಟ್ಟರೆ ಒಟ್ಟು 12.0956 ಆಗುತ್ತದೆ, ಆಗಲೂ 12ಕ್ಕಿಂತ ಹೆಚ್ಚೇ. ಎಲೆಕ್ಟ್ರಾನನ್ನು ಸೇರಿಸಿದಷ್ಟೂ ಕೊರತೆ ದೊಡ್ಡದಾಗುತ್ತದೆ, ಮುಚ್ಚಿಹೋಗುವುದಿಲ್ಲ.

ಕಡೂರು ಬಯಲು
ಸರಾಸರಿಯ ಮಾತು ಒಪ್ಪಿದೆ. ಆದರೂ ಎಲೆಕ್ಟ್ರಾನನ್ನು ಕೈಬಿಡುವ ಅಭ್ಯಾಸ ಒಳ್ಳೆಯದಲ್ಲ ಎಂಬ ನನ್ನ ಮಾತು ಉಳಿಯುತ್ತದೆ. ಸಣ್ಣದು ಎಂದು ಬಿಟ್ಟರೆ ಒಂದು ದಿನ ಲೆಕ್ಕ ಕೈಕೊಡುತ್ತದೆ.

ಮೂಡಿಗೆರೆ ತೋಟ
ನಮಗೆ ಇದು ಹೊಸದೇನಲ್ಲ. ಅರೇಬಿಕಾ ಹಣ್ಣು ಕೊಯ್ದು ಪಲ್ಪ್ ಮಾಡಿ ಒಣಗಿಸಿ ಕ್ಯೂರಿಂಗ್‌ಗೆ ಕಳುಹಿಸಿದರೆ ಐದಾರು ಕಿಲೋ ಹಣ್ಣಿಗೆ ಒಂದು ಕಿಲೋ ಬೀಜ ಸಿಗುತ್ತದೆ. ಉಳಿದದ್ದು ನೀರು, ಸಿಪ್ಪೆ, ಲೋಳೆ. ಪರಮಾಣುವಿನಲ್ಲೂ ಹಾಗೆಯೇ ಏನೋ ಒಣಗಿ ಹೋಗಿದೆ ಎಂದು ಮಗುವಿಗೆ ಹೇಳಿದರೆ ತಿಳಿಯುತ್ತದೆ.

ರತ್ನಗಿರಿ ಬೋರೆ
ಹಾಗೆ ಮಾತ್ರ ಹೇಳಬೇಡಿ! ಕಾಫಿಯಲ್ಲಿ ಹೋದದ್ದು ವಸ್ತು. ಸಿಪ್ಪೆ ಗೊಬ್ಬರದ ಗುಂಡಿಯಲ್ಲಿದೆ, ಆವಿಯಾದ ನೀರನ್ನು ಹಿಡಿದಿಟ್ಟು ತೂಗಬಹುದು. ಬೀಜಕೇಂದ್ರದಿಂದ ಒಂದೇ ಒಂದು ಪ್ರೋಟಾನ್ ಆಗಲಿ ನ್ಯೂಟ್ರಾನ್ ಆಗಲಿ ಹೊರಗೆ ಹೋಗಿಲ್ಲ. ತಲೆ ಎಣಿಸಿದರೆ ಹನ್ನೆರಡೂ ಅಲ್ಲೇ ಇವೆ. ತೂಗಿದರೆ ಮಾತ್ರ ಕಡಿಮೆ. ಇಡೀ ವಿಚಾರದ ಬೆರಗು ಇರುವುದು ಇಲ್ಲಿ. ಒಣಗುವ ಹೋಲಿಕೆ ಕೊಟ್ಟರೆ ಅದೇ ಸತ್ತುಹೋಗುತ್ತದೆ.

ಮೂಡಿಗೆರೆ ತೋಟ
ಸರಿ, ತಪ್ಪೊಪ್ಪಿದೆ. ಹಾಗಾದರೆ ನೀವೇ ಒಂದು ಒಳ್ಳೆಯ ಹೋಲಿಕೆ ಕೊಡಿ.

ಯಗಚಿ ದಡ
ನಾನು ಕೊಡುತ್ತೇನೆ, ತಪ್ಪಿದ್ದರೆ ತಿದ್ದಿ. ನಮ್ಮ ಮನೆಯ ಹಿತ್ತಲಲ್ಲಿ ನಲವತ್ತು ಅಡಿಯ ಬಾವಿ ಇದೆ. ಚಿಕ್ಕಂದಿನಲ್ಲಿ ಹಗ್ಗ ಹರಿದು ತಾಮ್ರದ ಕೊಡ ಬಾವಿಗೆ ಬಿದ್ದರೆ ಧೊಪ್ಪೆಂದು ಸದ್ದಾಗುತ್ತಿತ್ತು. ಬೀಳುವಾಗ ಸದ್ದು, ನೀರಿನ ಅಲೆ, ಒಂದಿಷ್ಟು ಬಿಸಿ ಎಲ್ಲವೂ ಹೊರಗೆ ಹೋಯಿತು. ಕೊಡ ಅದೇ ಕೊಡ. ಆದರೆ ಅದನ್ನು ಮೇಲೆ ತರಬೇಕೆಂದರೆ ಪಾತಾಳಗರಡಿ ಇಳಿಸಿ ರಟ್ಟೆ ನೋಯುವಷ್ಟು ಎಳೆಯಬೇಕು. ಪ್ರೋಟಾನು ನ್ಯೂಟ್ರಾನುಗಳು ಒಟ್ಟಾದದ್ದು ಬಾವಿಗೆ ಬಿದ್ದ ಹಾಗೆ. ಬೀಳುವಾಗ ಹೋದ ಶಕ್ತಿಯ ಪಾಲೇ ತಕ್ಕಡಿಯಲ್ಲಿ ಕಡಿಮೆ ಕಾಣುತ್ತದೆ. ಬಿಡಿಸಬೇಕೆಂದರೆ ಅಷ್ಟನ್ನೂ ಮರಳಿ ಕೊಡಬೇಕು. ಸರಿಯೇ?

ಹಳೇಬೀಡಿನ ಮೇಷ್ಟರು
ಸರಿ ಎಂದರೆ ಸರಿ! ಇಷ್ಟು ವರ್ಷ ಪಾಠ ಮಾಡಿದ ನನಗೆ ಈ ಕೊಡ ಹೊಳೆದಿರಲಿಲ್ಲ. ಇದರಿಂದ ಇನ್ನೊಂದು ತಪ್ಪು ತಿಳಿವಳಿಕೆಯೂ ಹೋಗುತ್ತದೆ. ಬಂಧಕ ಶಕ್ತಿ ಎಂದಾಗ ಮಕ್ಕಳು ಅದು ಬೀಜಕೇಂದ್ರದೊಳಗೆ ತುಂಬಿಟ್ಟ ಶಕ್ತಿ ಎಂದುಕೊಳ್ಳುತ್ತಾರೆ. ಅದು ಈಗಾಗಲೇ ಹೊರಗೆ ಹೋಗಿರುವ ಶಕ್ತಿ, ಬಿಡಿಸಲು ಬರುವವರು ತೀರಿಸಬೇಕಾದ ಸಾಲ.

ಆಲೂಗಡ್ಡೆ ಹೊಲ
ಅಷ್ಟು ಸಣ್ಣ ಪರಮಾಣುವನ್ನು ಆರು ದಶಾಂಶದವರೆಗೆ ತೂಗಿದವರು ಯಾರು? ಹೇಗೆ? ಯಾವ ತಕ್ಕಡಿ? ಅದನ್ನು ಯಾರೂ ಹೇಳುತ್ತಿಲ್ಲ.

ರತ್ನಗಿರಿ ಬೋರೆ
ಒಳ್ಳೆಯ ಪ್ರಶ್ನೆ. ತಟ್ಟೆಯ ಮೇಲೆ ಇಟ್ಟು ತೂಗುವುದಿಲ್ಲ, ಓಡಿಸಿ ತಿರುಗಿಸಿ ತೂಗುತ್ತಾರೆ. ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತರೆ ಅದಕ್ಕೆ ವಿದ್ಯುದಾವೇಶ ಬರುತ್ತದೆ. ಅದನ್ನು ವೇಗವಾಗಿ ಓಡಿಸಿ ಕಾಂತಕ್ಷೇತ್ರದೊಳಗೆ ಬಿಟ್ಟರೆ ದಾರಿ ಬಾಗುತ್ತದೆ. ಶಿರಾಡಿ ಘಾಟಿಯ ತಿರುವಿನಲ್ಲಿ ಒಂದೇ ವೇಗದಲ್ಲಿ ಬರುವ ಬೈಕನ್ನೂ ಮರದ ದಿಮ್ಮಿ ಹೊತ್ತ ಲಾರಿಯನ್ನೂ ನೆನೆಯಿರಿ. ಬೈಕನ್ನು ತಿರುಗಿಸುವುದು ಸುಲಭ, ಲಾರಿ ನೇರ ಹೋಗಲು ಹಟ ಹಿಡಿಯುತ್ತದೆ. ಭಾರದ ಪರಮಾಣು ಕಡಿಮೆ ಬಾಗುತ್ತದೆ, ಹಗುರವಾದದ್ದು ಹೆಚ್ಚು ಬಾಗುತ್ತದೆ. ಎಲ್ಲಿ ಬಂದು ಬಡಿಯಿತು ಎಂದು ಅಳೆದರೆ ರಾಶಿ ತಿಳಿಯುತ್ತದೆ.

ಕೇಂಬ್ರಿಜ್‌ನಲ್ಲಿ ಫ್ರಾನ್ಸಿಸ್ ಆಸ್ಟನ್ 1919ರಲ್ಲಿ ಇಂಥ ಉಪಕರಣ ಕಟ್ಟಿದರು, 1922ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಬಹುತೇಕ ಪರಮಾಣುಗಳ ರಾಶಿ ಪೂರ್ಣಾಂಕದ ಹತ್ತಿರ ಬಂತು, ಹೈಡ್ರೋಜನ್ ಮಾತ್ರ 1.008 ಎಂದು ಹಟ ಹಿಡಿದು ನಿಂತಿತು. ನಾಲ್ಕು ಹೈಡ್ರೋಜನ್ ಸೇರಿದರೆ ಹೀಲಿಯಂಗಿಂತ ಭಾರ! ಅದನ್ನು ನೋಡಿ 1920ರಲ್ಲಿ ಆರ್ಥರ್ ಎಡಿಂಗ್ಟನ್ ಹೇಳಿದ್ದು, ನಕ್ಷತ್ರಗಳೊಳಗೆ ಹೈಡ್ರೋಜನ್ ಹೀಲಿಯಂ ಆಗುತ್ತಿದ್ದರೆ ಆ ಕೊರತೆಯೇ ಸೂರ್ಯನ ಬೆಳಕಾಗಬಹುದು ಎಂದು. ಆಗಿನ್ನೂ ನ್ಯೂಟ್ರಾನ್ ಯಾರಿಗೂ ಗೊತ್ತಿರಲಿಲ್ಲ. ಜೇಮ್ಸ್ ಚಾಡ್ವಿಕ್ ಅದನ್ನು ಕಂಡುಹಿಡಿದದ್ದು 1932ರಲ್ಲಿ.

ಸಾಲಗಾಮೆ ರಸ್ತೆ, ಹಾಸನ
ಒಂದು ನಿಮಿಷ. ಅಂದರೆ ಮಗಳಿಗೆ "ಬಿಡು" ಎಂದು ಹೇಳಿದ ಆ ದಶಾಂಶವೇ ಸೂರ್ಯನ ಬೆಳಕೇ?

ರತ್ನಗಿರಿ ಬೋರೆ
ಹೌದು. ಸೂರ್ಯ ಪ್ರತಿ ಸೆಕೆಂಡಿಗೆ 40 ಲಕ್ಷ ಟನ್‌ಗೂ ಹೆಚ್ಚು ರಾಶಿ ಕಳೆದುಕೊಳ್ಳುತ್ತಿದ್ದಾನೆ. ನಾಲ್ಕು ಹೈಡ್ರೋಜನ್ 4.0313, ಒಂದು ಹೀಲಿಯಂ 4.0026. ನೂರಕ್ಕೆ 0.7ರಷ್ಟು. ಬೆಳಗ್ಗೆ ನಿಮ್ಮ ಅಂಗಳಕ್ಕೆ ಬೀಳುವ ಬಿಸಿಲೆಲ್ಲ ಅದೇ.

ಹಳೇಬೀಡಿನ ಮೇಷ್ಟರು
ನಾನೂ ಒಂದು ಲೆಕ್ಕ ಹಾಕಿದೆ, ಯಾರಾದರೂ ಪರಿಶೀಲಿಸಿ. 12 ಗ್ರಾಂ ಕಾರ್ಬನ್, ಅಂದರೆ ಅಂಗೈಯಲ್ಲಿ ಹಿಡಿಯುವಷ್ಟು ಇದ್ದಿಲು. ಅದರ ಪರಮಾಣುಗಳನ್ನೆಲ್ಲ ಬಿಡಿ ಕಣಗಳಿಂದ ಕಟ್ಟಿದ್ದರೆ 0.0989 ಗ್ರಾಂ ಕಡಿಮೆಯಾಗಿರಬೇಕು. ರಾಶಿಯನ್ನು ಶಕ್ತಿಗೆ ತಿರುಗಿಸುವ ಐನ್‌ಸ್ಟೈನ್ ಸೂತ್ರದಂತೆ ಅದನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿ ವಿದ್ಯುತ್ತಿನ ಯೂನಿಟ್‌ಗೆ ಇಳಿಸಿದರೆ 24 ಲಕ್ಷ ಯೂನಿಟ್‌ಗೂ ಹೆಚ್ಚು. ತಿಂಗಳಿಗೆ ನೂರು ಯೂನಿಟ್ ಉರಿಸುವ ಮನೆಗೆ ಎರಡು ಸಾವಿರ ವರ್ಷ.

ಅರಸೀಕೆರೆ ಜಂಕ್ಷನ್
ಲೆಕ್ಕ ಸರಿ ಇದೆ, ಎರಡು ಸಲ ಹಾಕಿ ನೋಡಿದೆ. ಮೊದಲು ನಾನು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಮೂಡಿಗೆರೆ ತೋಟ
ಸೌದೆ ಉರಿದಾಗಲೂ ಶಕ್ತಿ ಹೊರಗೆ ಬರುತ್ತದಲ್ಲ. ಹಾಗಾದರೆ ಅಲ್ಲಿಯೂ ರಾಶಿ ಕಡಿಮೆಯಾಗಬೇಕಲ್ಲವೇ? ಬೂದಿ, ಹೊಗೆ ಎಲ್ಲ ಸೇರಿಸಿ ತೂಗಿದರೆ ಮೊದಲಿನಷ್ಟೇ ಇರುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ.

ರತ್ನಗಿರಿ ಬೋರೆ
ಅಲ್ಲಿಯೂ ಕಡಿಮೆಯಾಗುತ್ತದೆ! 12 ಕಿಲೋ ಶುದ್ಧ ಇದ್ದಿಲು 32 ಕಿಲೋ ಆಕ್ಸಿಜನ್ ಜೊತೆ ಉರಿದರೆ 44 ಕಿಲೋ ಇಂಗಾಲದ ಡೈಆಕ್ಸೈಡ್. ಅದರಲ್ಲಿ ಕೊರತೆ ಸುಮಾರು ನಾಲ್ಕು ಮೈಕ್ರೋಗ್ರಾಂ. ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ನಾಲ್ಕು ಭಾಗ. 44 ಕಿಲೋದಲ್ಲಿ ಅದನ್ನು ಹಿಡಿಯುವ ತಕ್ಕಡಿ ಎಲ್ಲಿದೆ? ಆದ್ದರಿಂದಲೇ ರಸಾಯನಶಾಸ್ತ್ರದವರಿಗೆ ಅದು ಕಾಣಲೇ ಇಲ್ಲ. ಬೀಜಕೇಂದ್ರದಲ್ಲಿ ಕಟ್ಟು ಲಕ್ಷಾಂತರ ಪಟ್ಟು ಬಿಗಿ, ಅದಕ್ಕೇ ಎರಡನೆಯ ದಶಾಂಶದಲ್ಲೇ ಮುಖಕ್ಕೆ ಹೊಡೆಯುತ್ತದೆ.

ಯಗಚಿ ದಡ
ವಿಷಯಾಂತರಕ್ಕೆ ಕ್ಷಮೆ ಇರಲಿ. ರಾಶಿ ಎಂಬ ಪದವೇ ನನ್ನ ಮಗನಿಗೆ ತೊಡಕಾಗಿದೆ. ನಮ್ಮಲ್ಲಿ ರಾಶಿ ಎಂದರೆ ಕಣದಲ್ಲಿ ತೂರಿ ಗುಡ್ಡೆ ಹಾಕಿದ ರಾಗಿ. ಅದಕ್ಕೆ ಪೂಜೆ ಮಾಡಿ, ಅಳೆಯುವಾಗ ಮೊದಲ ಕೊಳಗಕ್ಕೆ "ಲಾಭ" ಎಂದು ಎಣಿಸುತ್ತೇವೆ. ದ್ರವ್ಯರಾಶಿ ಎಂದರೆ ದ್ರವ್ಯದ ಗುಡ್ಡೆ ಎಂದೇ ಅವನು ತಿಳಿದಿದ್ದಾನೆ. ತೂಕ ಎಂದರೆ ಆಗುವುದಿಲ್ಲವೇ?

ಹಳೇಬೀಡಿನ ಮೇಷ್ಟರು
ತೂಕ ಬೇರೆ. ಭೂಮಿ ಎಳೆಯುವ ಬಲ ಅದು. ಹಾಸನದ ಇಸ್ರೋ ಕೇಂದ್ರದಿಂದ ನಿಯಂತ್ರಿಸುವ ಉಪಗ್ರಹದೊಳಗೆ ಒಂದು ಕಲ್ಲನ್ನು ತೂಗಲು ಹೋದರೆ ಸ್ಪ್ರಿಂಗ್ ತಕ್ಕಡಿ ಸೊನ್ನೆ ತೋರಿಸುತ್ತದೆ, ಆದರೆ ಕಲ್ಲಿನ ರಾಶಿ ಎಳ್ಳಷ್ಟೂ ಕಡಿಮೆಯಾಗಿರುವುದಿಲ್ಲ. ತಳ್ಳಿ ನೋಡಿದರೆ ಅಷ್ಟೇ ಹಟ ಮಾಡುತ್ತದೆ. ದ್ರವ್ಯರಾಶಿ ಒಳ್ಳೆಯ ಪದ, ಬಿಡಬಾರದು.

ರತ್ನಗಿರಿ ಬೋರೆ
ಮೇಷ್ಟರೊಂದಿಗೆ ಇಲ್ಲಿ ಒಂದು ಜಗಳ ಇದೆ. ದ್ರವ್ಯದ ರಾಶಿ ಎನ್ನುವ ಚಿತ್ರವೇ ಮಕ್ಕಳನ್ನು ದಾರಿ ತಪ್ಪಿಸುತ್ತದೆ. ಗುಡ್ಡೆಯಾಗಿದ್ದರೆ ಹನ್ನೆರಡು ಸೇರು ಸುರಿದರೆ ಹನ್ನೆರಡು ಸೇರೇ ಇರಬೇಕಿತ್ತು. ಈ ಚರ್ಚೆ ಹುಟ್ಟಿದ್ದೇ ಹಾಗಿಲ್ಲ ಎಂಬುದರಿಂದ. ಪದ ಬದಲಿಸಬೇಡಿ, ಆದರೆ ಅದು ಗುಡ್ಡೆಯಲ್ಲ ಎಂದು ಮೊದಲ ದಿನವೇ ಹೇಳಿ.

ನನಗೆ ತುಂಬ ಇಷ್ಟದ ಕನ್ನಡ ಪದ ಸಮಸ್ಥಾನಿ. ಐಸೋಟೋಪ್ ಎಂಬ ಗ್ರೀಕ್ ಪದಕ್ಕೂ ಅದೇ ಅರ್ಥ, ಒಂದೇ ಸ್ಥಾನ. ಫ್ರೆಡರಿಕ್ ಸಾಡಿ 1913ರಲ್ಲಿ ಬಳಕೆಗೆ ತಂದದ್ದು, ಸೂಚಿಸಿದವರು ಮಾರ್ಗರೆಟ್ ಟಾಡ್ ಎಂಬ ವೈದ್ಯೆ. ಕೋಷ್ಟಕದ ಒಂದೇ ಮನೆಯಲ್ಲಿ ಕೂರುವ, ತೂಕ ಮಾತ್ರ ಬೇರೆಯಾದ ಪರಮಾಣುಗಳು. ಕನ್ನಡದಲ್ಲಿ ಓದಿದ ಮಗುವಿಗೆ ಪದ ಕೇಳಿದೊಡನೆ ಅರ್ಥ ಹೊಳೆಯುತ್ತದೆ.

ಆಲೂಗಡ್ಡೆ ಹೊಲ
ಪರಮಾಣು ರಾಶಿ ನಮಗೆ ದುಡ್ಡಿನ ವಿಷಯ. ಆಲೂಗಡ್ಡೆಗೆ ಪೊಟ್ಯಾಷ್ ಬೇಕೇ ಬೇಕು. ಚೀಲದ ಮೇಲೆ 60 ಎಂದು ಬರೆದಿರುತ್ತದೆ. ಐವತ್ತು ಕಿಲೋ ಚೀಲದಲ್ಲಿ ಮೂವತ್ತು ಕಿಲೋ ಪೊಟ್ಯಾಸಿಯಂ ಇದೆ ಎಂದು ನಾನು ಹತ್ತು ವರ್ಷ ನಂಬಿದ್ದೆ. ಮಗ ಕಾಲೇಜಿನಿಂದ ಬಂದು ಲೆಕ್ಕ ಹಾಕಿ ತೋರಿಸಿದ. ಆ 60 ಎಂಬುದು ಪೊಟ್ಯಾಸಿಯಂ ಆಕ್ಸೈಡ್ ಲೆಕ್ಕದಲ್ಲಿ ಹೇಳುವ ಹಳೆಯ ರೂಢಿ. ಪೊಟ್ಯಾಸಿಯಂ 39.1, ಎರಡಿದ್ದರೆ 78.2. ಆಕ್ಸಿಜನ್ 16. ಒಟ್ಟು 94.2. ಅದರಲ್ಲಿ ಪೊಟ್ಯಾಸಿಯಂ ನೂರಕ್ಕೆ 83. ಮೂವತ್ತು ಕಿಲೋದಲ್ಲಿ 83 ಪಾಲು ಎಂದರೆ ಇಪ್ಪತ್ತೈದು ಕಿಲೋಗೆ ಕೂದಲೆಳೆ ಕಡಿಮೆ. ಚೀಲದೊಳಗೆ ಆಕ್ಸೈಡ್ ಇಲ್ಲವೇ ಇಲ್ಲ, ಇರುವುದು ಕ್ಲೋರೈಡ್. ಮೋಸವೇನೂ ಅಲ್ಲ, ಆದರೆ ಪರಮಾಣು ರಾಶಿ ತಿಳಿಯದಿದ್ದರೆ ಚೀಲ ಓದಲು ಬರುವುದಿಲ್ಲ.

ಕುದುರೆಮುಖದ ಮಗಳು
ಪೊಟ್ಯಾಸಿಯಂ ಹೆಸರು ಬಂದದ್ದರಿಂದ ಒಂದು ಮಾತು. ಅದರಲ್ಲಿ 40ರ ಸಮಸ್ಥಾನಿ ವಿಕಿರಣಶೀಲ ಅಲ್ಲವೇ?

ಆಲೂಗಡ್ಡೆ ಹೊಲ
ಏನು? ನಮ್ಮ ಆಲೂಗಡ್ಡೆಯಲ್ಲಿ ವಿಕಿರಣವೇ? ಇದನ್ನು ಓದಿ ನಾಳೆ ಯಾರಾದರೂ ಮಾರುಕಟ್ಟೆಯಲ್ಲಿ ಸುದ್ದಿ ಎಬ್ಬಿಸಿದರೆ ಹಾಸನದ ರೈತರ ಗತಿ ಏನು? ಸ್ವಲ್ಪ ಯೋಚಿಸಿ ಬರೆಯಿರಿ.

ರತ್ನಗಿರಿ ಬೋರೆ
ಗಾಬರಿ ಬೇಡ. ಪೊಟ್ಯಾಸಿಯಂ ಇರುವ ಎಲ್ಲದರಲ್ಲೂ ಅದು ಇದೆ. ಬಾಳೆಹಣ್ಣು, ಎಳನೀರು, ಕಾಫಿ, ನೀವು, ನಾನು. ಹತ್ತು ಸಾವಿರ ಪೊಟ್ಯಾಸಿಯಂ ಪರಮಾಣುಗಳಲ್ಲಿ ಒಂದಕ್ಕಿಂತ ತುಸು ಹೆಚ್ಚು. ಅರ್ಧಾಯು, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, 125 ಕೋಟಿ ವರ್ಷ. ಒಬ್ಬ ವಯಸ್ಕನ ಮೈಯೊಳಗೆ ಪ್ರತಿ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಪೊಟ್ಯಾಸಿಯಂ-40 ಪರಮಾಣುಗಳು ಕ್ಷಯಿಸುತ್ತವೆ, ಹುಟ್ಟಿದ ದಿನದಿಂದ. ಎಷ್ಟು ಆಲೂಗಡ್ಡೆ ತಿಂದರೂ ದೇಹ ತನಗೆ ಬೇಕಾದಷ್ಟು ಪೊಟ್ಯಾಸಿಯಂ ಇಟ್ಟುಕೊಂಡು ಉಳಿದದ್ದನ್ನು ಹೊರಹಾಕುತ್ತದೆ. ಆದ್ದರಿಂದ ಆ ಎಣಿಕೆ ಏರುವುದಿಲ್ಲ. ನಿಮ್ಮ ಬೆಳೆಗೆ ಯಾವ ಕಳಂಕವೂ ಇಲ್ಲ.

ಇದೇ ಪೊಟ್ಯಾಸಿಯಂ ಹಳಬರನ್ನು ಕಾಡಿದ ಇನ್ನೊಂದು ಕಥೆ ಇದೆ. ಆರ್ಗಾನ್ 39.95, ಪೊಟ್ಯಾಸಿಯಂ 39.10. ತೂಕದ ಪ್ರಕಾರ ಸಾಲು ಹಚ್ಚಿದರೆ ಪೊಟ್ಯಾಸಿಯಂ ಮೊದಲು ಬಂದು, ಉರಿದು ಬೀಳುವ ಈ ಲೋಹ ನಿಷ್ಕ್ರಿಯ ಅನಿಲಗಳ ಸಾಲಿನಲ್ಲಿ ಕೂರಬೇಕಿತ್ತು. ಹೆನ್ರಿ ಮೋಸ್ಲಿ 1913ರಲ್ಲಿ ಎಕ್ಸ್-ಕಿರಣಗಳಿಂದ ಅಳೆದು ತೋರಿಸಿದರು, ಸಾಲನ್ನು ನಿರ್ಧರಿಸುವುದು ತೂಕ ಅಲ್ಲ, ಬೀಜಕೇಂದ್ರದ ಧನಾವೇಶ ಎಂದು. ಅಂದರೆ ಪ್ರೋಟಾನ್‌ಗಳ ಎಣಿಕೆ. ಆರ್ಗಾನ್‌ಗೆ 18, ಪೊಟ್ಯಾಸಿಯಂಗೆ 19. ಆರ್ಗಾನ್ ಅಷ್ಟು ಭಾರವಾದದ್ದು ಏಕೆ ಎಂದರೆ, ನಮ್ಮ ಗಾಳಿಯಲ್ಲಿರುವ ಆರ್ಗಾನ್ ಬಹುಪಾಲು ಬಂಡೆಗಳೊಳಗಿನ ಪೊಟ್ಯಾಸಿಯಂ-40 ಕ್ಷಯಿಸಿ ಹುಟ್ಟಿದ್ದು, ಅದರ ರಾಶಿ ಸಂಖ್ಯೆಯೂ 40. ಮಗ ಅಪ್ಪನಿಗಿಂತ ಮುಂದಿನ ಸಾಲಿನಲ್ಲಿ ಕೂತಿದ್ದಾನೆ. ಮೋಸ್ಲಿ ಇದಾಗಿ ಎರಡೇ ವರ್ಷಕ್ಕೆ, 1915ರಲ್ಲಿ, ಗಲಿಪೋಲಿ ಯುದ್ಧದಲ್ಲಿ ಸತ್ತರು. ಇಪ್ಪತ್ತೇಳು ವಯಸ್ಸು. ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಆಲೂಗಡ್ಡೆ ಹೊಲ
ಈಗ ಜೀವ ಬಂತು. ಧನ್ಯವಾದ.

ಕುದುರೆಮುಖದ ಮಗಳು
ಹೆದರಿಸುವ ಉದ್ದೇಶ ನನಗೆ ಇರಲಿಲ್ಲ. ನಾನು ಹೇಳಬೇಕೆಂದಿದ್ದದ್ದು ಕಬ್ಬಿಣದ ವಿಷಯ. ನಾನು ಬೆಳೆದದ್ದು ಗಣಿ ಪಟ್ಟಣದಲ್ಲಿ. ಅಪ್ಪ ಗಣಿಯಲ್ಲಿ ಕೆಲಸಕ್ಕಿದ್ದರು. ನಮ್ಮ ಕಿಟಕಿಯ ಕಟ್ಟೆಯ ಮೇಲೆ ಮುಷ್ಟಿ ಗಾತ್ರದ ಕಪ್ಪು ಕಲ್ಲೊಂದು ಇರುತ್ತಿತ್ತು, ಮ್ಯಾಗ್ನೆಟೈಟ್. ಅದನ್ನು ಎತ್ತಿದರೆ ಕೈ ಒಮ್ಮೆ ಕೆಳಗೆ ಜಗ್ಗುತ್ತಿತ್ತು, ಅಷ್ಟು ಸಣ್ಣ ಕಲ್ಲಿಗೆ ಅಷ್ಟು ಭಾರ ಇರುತ್ತದೆ ಎಂದು ಕೈ ಎಣಿಸಿರುವುದಿಲ್ಲ. ಅಯಸ್ಕಾಂತ ತಂದರೆ ಟಪ್ಪೆಂದು ಅಂಟುತ್ತಿತ್ತು. ಮಳೆಗಾಲದಲ್ಲಿ ಕಲ್ಲಿನ ಅಡಿಯಲ್ಲಿ ಕಟ್ಟೆಗೆ ತುಕ್ಕಿನ ಉಂಗುರ ಮೂಡುತ್ತಿತ್ತು, ಅಮ್ಮ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಮೂರು ಕಬ್ಬಿಣ, ನಾಲ್ಕು ಆಕ್ಸಿಜನ್. ಶುದ್ಧವಾಗಿದ್ದರೆ ತೂಕದಲ್ಲಿ ನೂರಕ್ಕೆ 72 ಕಬ್ಬಿಣ. 2005ರ ಕೊನೆಯಲ್ಲಿ ಗಣಿ ನಿಂತಿತು, ನಾವು ಚಿಕ್ಕಮಗಳೂರಿಗೆ ಬಂದೆವು, ಕಲ್ಲೂ ಬಂತು.

ಕಾಲೇಜಿಗೆ ಬಂದ ಮೇಲೆ ಓದಿದೆ. ಒಂದೊಂದು ಕಣಕ್ಕೆ ಎಷ್ಟು ಬಂಧಕ ಶಕ್ತಿ ಎಂದು ಎಲ್ಲ ಧಾತುಗಳಿಗೂ ಗೆರೆ ಎಳೆದರೆ, ಕಾರ್ಬನ್‌ಗೆ 7.68 ಎಂಇವಿ (ಕಣಗಳ ಶಕ್ತಿಯನ್ನೂ ರಾಶಿಯನ್ನೂ ಅಳೆಯುವ ಮಾನ), ಯುರೇನಿಯಂ-235ಕ್ಕೆ 7.6ರ ಹತ್ತಿರ, ಕಬ್ಬಿಣ-56ಕ್ಕೆ 8.79. ಯಗಚಿ ದಡದವರ ಬಾವಿಯಲ್ಲಿ ಅತ್ಯಂತ ಆಳದ ತಳ ಅದು. ಹಗುರವಾದವು ಕೂಡಿದರೆ ಆ ಕಡೆ ಇಳಿಯುತ್ತವೆ, ಭಾರದವು ಒಡೆದರೆ ಈ ಕಡೆಯಿಂದ ಇಳಿಯುತ್ತವೆ. ದೊಡ್ಡ ನಕ್ಷತ್ರದ ಒಡಲಲ್ಲಿ ಬೆಂಕಿ ಕಬ್ಬಿಣದವರೆಗೆ ಬಂದು ನಿಲ್ಲುತ್ತದೆ, ಮುಂದೆ ಕೂಡಿದರೆ ಲಾಭವಿಲ್ಲ. ಆ ರಾತ್ರಿ ಆ ಕಲ್ಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ.

ಕಡೂರು ಬಯಲು
ಒಂದು ತಿದ್ದುಪಡಿ. ಅತ್ಯಂತ ಆಳ ಕಬ್ಬಿಣ-56 ಅಲ್ಲ, ನಿಕ್ಕಲ್-62. ಈ ಸಲ ನಾನು ಸರಿಯಾಗಿ ನೋಡಿಕೊಂಡೇ ಬರೆಯುತ್ತಿದ್ದೇನೆ.

ಕುದುರೆಮುಖದ ಮಗಳು
ನಿಜ, ಮೂರನೆಯ ದಶಾಂಶದಲ್ಲಿ ನಿಕ್ಕಲ್-62 ಮುಂದಿದೆ. ಒಪ್ಪಿದೆ. ಕಲ್ಲು ಮಾತ್ರ ಕಬ್ಬಿಣದ್ದೇ.

ಮೂಡಿಗೆರೆ ತೋಟ
ಯುರೇನಿಯಂ ಒಡೆದರೆ ಶಕ್ತಿ, ಹೈಡ್ರೋಜನ್ ಕೂಡಿದರೆ ಶಕ್ತಿ. ಎರಡೂ ಹೇಗೆ ಸಾಧ್ಯ ಎಂದು ನನಗೆ ಮೊದಲಿನಿಂದಲೂ ಅನುಮಾನ ಇತ್ತು. ಈ ಬಾವಿಯ ಎರಡು ಇಳಿಜಾರಿನಿಂದ ಈಗ ಬಿಡಿಸಿತು. ಕೈಗಾ ಅಣುಸ್ಥಾವರದಲ್ಲಿ ನಡೆಯುವುದು ಒಡೆಯುವ ಕಡೆಯ ಇಳಿಜಾರು, ಅಲ್ಲವೇ?

ಹಳೇಬೀಡಿನ ಮೇಷ್ಟರು
ಹೌದು. ಕೈಗಾದ ಒಂದನೇ ಘಟಕ 2018ರ ಕೊನೆಯ ದಿನದವರೆಗೆ 962 ದಿನ ಒಂದೇ ಸಮನೆ ನಡೆದದ್ದು ಅದೇ ಕೊರತೆಯ ಬಲದಿಂದ. ಅಲ್ಲಿ ಬಳಸುವ ಭಾರಜಲವೂ ನಮ್ಮ ವಿಷಯಕ್ಕೆ ಸೇರಿದ್ದು. ಹೈಡ್ರೋಜನ್‌ಗೆ ಒಂದು ನ್ಯೂಟ್ರಾನ್ ಹೆಚ್ಚು ಇರುವುದರಿಂದ ಅಣು 18ರ ಬದಲು 20 ತೂಗುತ್ತದೆ.

ಅರಸೀಕೆರೆ ಜಂಕ್ಷನ್
ಈಗ ನನ್ನದೊಂದು ಗಟ್ಟಿ ಪ್ರಶ್ನೆ. ಪ್ರೋಟಾನ್ ಒಳಗೆ ಮೂರು ಕ್ವಾರ್ಕ್ ಇವೆ ಎನ್ನುತ್ತಾರೆ. ಅವುಗಳ ರಾಶಿ ನೋಡಿದೆ. ಎರಡು ಅಪ್, ತಲಾ ಸುಮಾರು 2.2 ಎಂಇವಿ. ಒಂದು ಡೌನ್, 4.7. ಕೂಡಿದರೆ ಒಂಬತ್ತು ಚಿಲ್ಲರೆ. ಆದರೆ ಪ್ರೋಟಾನ್ 938! ಇಷ್ಟು ಹೊತ್ತು ಕೂಡಿದರೆ ಕಡಿಮೆಯಾಗುತ್ತದೆ ಎಂದಿರಿ. ಇಲ್ಲಿ ಕೂಡಿದರೆ ನೂರು ಪಟ್ಟು ಹೆಚ್ಚಾಗಿದೆ. ಎರಡರಲ್ಲಿ ಒಂದು ಸುಳ್ಳಾಗಿರಬೇಕು.

ರತ್ನಗಿರಿ ಬೋರೆ
ಇಂದಿನ ಅತ್ಯುತ್ತಮ ಪ್ರಶ್ನೆ ಇದು. ಎರಡೂ ನಿಜ.

ಪ್ರೋಟಾನು ನ್ಯೂಟ್ರಾನುಗಳನ್ನು ಬೀಜಕೇಂದ್ರದಿಂದ ಒಂದೊಂದಾಗಿ ಕಿತ್ತು, ದೂರ ಇಟ್ಟು, ಬಿಡಿಯಾಗಿ ತೂಗಬಹುದು. ಆ ಬಿಡಿ ತೂಕಕ್ಕೆ ಹೋಲಿಸಿದಾಗ ಒಟ್ಟು ಕಡಿಮೆ. ಕ್ವಾರ್ಕನ್ನು ಹಾಗೆ ಕೀಳಲು ಬರುವುದೇ ಇಲ್ಲ. ಎಳೆದಷ್ಟೂ ನಡುವಿನ ಬಲ ಸಡಿಲವಾಗದೆ ಶಕ್ತಿ ಏರುತ್ತಲೇ ಹೋಗುತ್ತದೆ. ಕೊನೆಗೆ ಆ ಶಕ್ತಿಯಿಂದಲೇ ಹೊಸ ಕ್ವಾರ್ಕ್ ಜೋಡಿ ಹುಟ್ಟಿಬಿಡುತ್ತದೆ, ಒಂಟಿ ಕ್ವಾರ್ಕ್ ಕೈಗೆ ಸಿಗುವುದಿಲ್ಲ. ಆದ್ದರಿಂದ ಒಂಬತ್ತು ಎಂಬುದು ಹೊರಗೆ ತಂದು ತೂಗಿದ ತೂಕ ಅಲ್ಲ. ಪ್ರೋಟಾನ್ ಒಳಗೆ ಆ ಕಣಗಳು ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಚಲಿಸುತ್ತಿವೆ, ಅವನ್ನು ಹಿಡಿದಿಟ್ಟ ಗ್ಲುಆನ್ ಕ್ಷೇತ್ರ ಶಕ್ತಿಯಿಂದ ತುಂಬಿದೆ. ಆ ಸೆರೆಹಿಡಿದ ಶಕ್ತಿಯೇ 938ರ ನೂರಕ್ಕೆ ತೊಂಬತ್ತೊಂಬತ್ತು ಪಾಲು.

ಹಿಗ್ಸ್ ಕಣ ಎಲ್ಲಕ್ಕೂ ರಾಶಿ ಕೊಡುತ್ತದೆ ಎಂದು 2012ರ ಜುಲೈ 4ರಂದು ಆ ಕಣ ಸಿಕ್ಕಿತೆಂಬ ಘೋಷಣೆಯಾದಾಗ ಪತ್ರಿಕೆಗಳೆಲ್ಲ ಬರೆದವು. ಹಿಗ್ಸ್ ಕ್ಷೇತ್ರದಿಂದ ಕ್ವಾರ್ಕಿಗೂ ಎಲೆಕ್ಟ್ರಾನಿಗೂ ರಾಶಿ ಬರುತ್ತದೆ, ನಿಜ. ಆದರೆ ನಿಮ್ಮ ಮೈಯ ತೂಕದಲ್ಲಿ ಅದರ ನೇರ ಪಾಲು ನೂರಕ್ಕೆ ಸುಮಾರು ಒಂದು ಮಾತ್ರ. ಉಳಿದದ್ದು ಓಟ ಮತ್ತು ಬಿಗಿತ. ದ್ರವ್ಯದ ಗುಡ್ಡೆ ಎನ್ನಬೇಡಿ ಎಂದು ನಾನು ಹಟ ಹಿಡಿದದ್ದು ಇದಕ್ಕೆ.

ಹಳೇಬೀಡಿನ ಮೇಷ್ಟರು
ಜಗಳದಲ್ಲಿ ಸೋತೆ, ಸಂತೋಷವಾಗಿದೆ.

ಯಗಚಿ ದಡ
ಬಂದೂಕದ ಗುಂಡಿನಂತೆ ಓಡುವ ಏನೋ ಒಳಗೆ ಇರುವುದರಿಂದ ರುಬ್ಬುಗುಂಡು ಭಾರವಾಗಿದೆ ಎಂದು ಅತ್ತೆಗೆ ಹೇಳಿದೆ. ರುಬ್ಬುವುದನ್ನು ನಿಲ್ಲಿಸಿ ಗುಂಡನ್ನು ಒಮ್ಮೆ ಮುಟ್ಟಿ ನೋಡಿದರು.

ಕಡೂರು ಬಯಲು
ಇನ್ನೂ ಒಂದು ಉಳಿದಿದೆ. ಕಾರ್ಬನ್-12 ಮಾತ್ರ ಸರಿಯಾಗಿ 12.000000 ಏಕೆ? ಪ್ರಕೃತಿಗೆ ಅದರ ಮೇಲೆ ಅಷ್ಟು ಪ್ರೀತಿಯೇ?

ಹಳೇಬೀಡಿನ ಮೇಷ್ಟರು
ಪ್ರಕೃತಿಯ ಪ್ರೀತಿಯಲ್ಲ, ಮನುಷ್ಯರ ಒಪ್ಪಂದ. ಮೊದಲು ಆಕ್ಸಿಜನ್ 16 ಎಂದು ಹಿಡಿಯುತ್ತಿದ್ದರು. ಭೌತಶಾಸ್ತ್ರದವರು ಶುದ್ಧ ಆಕ್ಸಿಜನ್-16 ಹಿಡಿದರು, ರಸಾಯನಶಾಸ್ತ್ರದವರು ಸಮಸ್ಥಾನಿಗಳು ಬೆರೆತ ಸಹಜ ಆಕ್ಸಿಜನ್ ಹಿಡಿದರು. ಎರಡು ಸಂತೆಯಲ್ಲಿ ಎರಡು ಸೇರು. 1961ರ ಹೊತ್ತಿಗೆ ಇಬ್ಬರೂ ರಾಜಿಯಾಗಿ ಕಾರ್ಬನ್-12ರ ಹನ್ನೆರಡನೆಯ ಒಂದು ಭಾಗವೇ ಏಕಮಾನ ಎಂದು ಒಪ್ಪಿಕೊಂಡರು. ಅಂದರೆ ನಮ್ಮ ಸೇರನ್ನೇ ಕಟ್ಟಿಕೊಂಡು ಹಗುರವಾದ ಕಣಗಳಿಂದ ಮಾಡಿದ್ದೇವೆ. ಅದಕ್ಕೇ ಒಂಟಿ ಪ್ರೋಟಾನೂ ಒಂಟಿ ನ್ಯೂಟ್ರಾನೂ ಒಂದಕ್ಕಿಂತ ಹೆಚ್ಚು ತೂಗುತ್ತವೆ.

ಸಾಲಗಾಮೆ ರಸ್ತೆ, ಹಾಸನ
ಎಲ್ಲರಿಗೂ ಕೈಮುಗಿಯುತ್ತೇನೆ. ಸಂಜೆ ಹಾಲು ಹಾಕಿ ಬಂದ ಮೇಲೆ ಇದನ್ನೆಲ್ಲ ಮಗಳಿಗೆ ಓದಿ ಹೇಳಿದೆ. ಬಾವಿಯ ಕೊಡದ ಹತ್ತಿರ ನಿಲ್ಲಿಸಿ, ಎರಡು ಸಲ ಓದಿಸಿದಳು. ಆಮೇಲೆ ತಾನೇ ಹೀಲಿಯಂ ಲೆಕ್ಕ ಹಾಕಿದಳು. ಪ್ರೋಟಾನ್ ಎರಡು 2.014552, ನ್ಯೂಟ್ರಾನ್ ಎರಡು 2.017330, ಒಟ್ಟು 4.031882. ಹೀಲಿಯಂ ಪರಮಾಣು 4.002602. ಕೊರತೆ 0.029280. ಸರಿ ಇದೆಯೇ ನೋಡಿ ಎಂದು ಪಕ್ಕದಲ್ಲೇ ನಿಂತಿದ್ದಾಳೆ.

ಕಡೂರು ಬಯಲು
ಎಲೆಕ್ಟ್ರಾನ್ ಎರಡನ್ನು ಬಿಟ್ಟಿದ್ದಾಳೆ! 4.002602 ಎಂಬುದು ಇಡೀ ಪರಮಾಣುವಿನ ರಾಶಿ, ಅದರಲ್ಲಿ ಎಲೆಕ್ಟ್ರಾನ್‌ಗಳೂ ಸೇರಿವೆ. ಬಿಡಿ ಭಾಗದಲ್ಲಿಯೂ ಕೂಡಬೇಕು. 2 × 0.000549 = 0.001098 ಸೇರಿಸಲು ಹೇಳಿ.

ಹಳೇಬೀಡಿನ ಮೇಷ್ಟರು
ಕಡೂರಿನವರ ಮಾತು ಸರಿ. ಮೊದಲ ದಿನದಿಂದ ಅವರು ಎಲೆಕ್ಟ್ರಾನ್ ಪರ ನಿಂತಿದ್ದರು.

ಸಾಲಗಾಮೆ ರಸ್ತೆ, ಹಾಸನ
ನಾನು ಓದುವ ಮೊದಲೇ ಪರದೆಯಲ್ಲಿ ನೋಡಿ ಪುಸ್ತಕ ಕಿತ್ತುಕೊಂಡು ಹೋದಳು. ಹಳೆಯದನ್ನು ಅಡ್ಡಗೆರೆ ಎಳೆದು ಕೆಳಗೆ ಬರೆದಿದ್ದಾಳೆ: 0.030378.